ತಮ್ಮನ ಪರವಾಗಿ ಒಂದು ಸಹಿ

ಅಪ್ಪ ತೀರಿಕೊಂಡದ್ದು 2018ರ ಜೂನ್‌ನಲ್ಲಿ, ಮಳೆ ಹಿಡಿದ ವಾರ. ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನ್ನ ತಮ್ಮ, ಅಪ್ಪನ ಚಪ್ಪಲಿಗಳನ್ನು ಜಗಲಿಯ ಮೂಲೆಯಲ್ಲಿ ಜೋಡಿಸಿಟ್ಟು, ಅವುಗಳ ಪಕ್ಕದಲ್ಲೇ ಕುಳಿತಿದ್ದ. ಅಪ್ಪ ಪೇಟೆಗೆ ಹೋದ ದಿನಗಳಲ್ಲಿ ಅವನು ಹಾಗೆಯೇ ಕಾಯುತ್ತಿದ್ದ. ಆಗ ಅವನಿಗೆ 34 ವರ್ಷ. ಹುಟ್ಟಿನಿಂದ ಬೌದ್ಧಿಕ ವಿಕಲತೆ ಇದೆ. ಮಾತು ಕಡಿಮೆ, ದುಡ್ಡಿನ ಲೆಕ್ಕ ಬರುವುದಿಲ್ಲ, ಅಕ್ಷರ ಹತ್ತಲಿಲ್ಲ. ಆದರೆ ಮನೆಯಲ್ಲಿ ಯಾರಿಗೆ ಯಾವ ಲೋಟ, ಯಾರ ಟವೆಲ್ ಯಾವ ಮೊಳೆಗೆ ಎಂಬುದನ್ನು ಅವನು ಎಂದೂ ತಪ್ಪಿದವನಲ್ಲ.

ಅಮ್ಮ ನಾಲ್ಕು ವರ್ಷ ಮೊದಲೇ ಹೋಗಿದ್ದಳು. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನಾನು ತವರಿನಿಂದ ಆರು ಮೈಲಿ ದೂರದ ಊರಿಗೆ ಮದುವೆಯಾಗಿ ಬಂದವಳು, ಹೊಲಿಗೆ ಮಾಡುತ್ತೇನೆ. ತಮ್ಮ ಯಾರ ಮನೆಯಲ್ಲಿರಬೇಕು ಎಂಬ ಚರ್ಚೆ ನಮ್ಮಲ್ಲಿ ನಡೆಯಲೇ ಇಲ್ಲ. ನನ್ನ ಗಂಡ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಜೀಪಿಗೆ ಹಾಕಿದರು, ಅಷ್ಟೇ. ಮನೆಗೆ ಕರೆತರುವುದು ಸುಲಭವಾಯಿತು. ಕಾಗದದಲ್ಲಿ ಅವನಿಗೆ ಯಾರು ದಿಕ್ಕು ಎಂಬುದನ್ನು ತೀರ್ಮಾನಿಸಲು ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ತಮ್ಮ, ತಂಗಿ, ಮಗ, ಮಗಳು ಇರುವ ಮನೆಗಳು ನಮ್ಮಲ್ಲಿ ಬಹಳ. ನಮಗೆ ದಾರಿ ತೋರಿಸಿದ್ದು ಹೆತ್ತವರೇ ಸೇರಿ ಕಟ್ಟಿದ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಅದು ಏನು ಮಾಡಿತು, ಹೇಗೆ ಮಾಡಿತು ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಅವರ ನಂತರ ಕುಟುಂಬ ಪಿಂಚಣಿ ತಮ್ಮನಿಗೆ ಸಲ್ಲಬೇಕು. ಸ್ವಂತವಾಗಿ ದುಡಿದು ಬದುಕಲಾಗದ ಬೌದ್ಧಿಕ ವಿಕಲತೆಯ ಮಕ್ಕಳಿಗೆ ಅದು ವಯಸ್ಸಿನ ಮಿತಿಯಿಲ್ಲದೆ ಸಿಗುತ್ತದೆ. ಇದಲ್ಲದೆ ಅಪ್ಪ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಅದಕ್ಕೆ ತಮ್ಮನ ಹೆಸರನ್ನೇ ನಾಮಿನಿ ಎಂದು ಬರೆಸಿದ್ದರು. ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: "ಇವರ ಪರವಾಗಿ ಸಹಿ ಯಾರು ಹಾಕುತ್ತಾರೆ?"

"ನಾನು, ಅವನ ಅಕ್ಕ" ಎಂದೆ.

"ಅಕ್ಕ ಎಂದರೆ ಆಗುವುದಿಲ್ಲ. ಅವರು ವಯಸ್ಕರು. ಕೋರ್ಟಿನಿಂದ ಆದೇಶ ತನ್ನಿ."

ಖಜಾನೆಯಲ್ಲೂ ಅದೇ ಮಾತು. ಪೇಟೆಯ ವಕೀಲರೊಬ್ಬರು ಫೈಲನ್ನು ತಿರುವಿ ನೋಡಿ, ದಾವೆ ಹೂಡಿದರೆ ಎರಡು ಮೂರು ವರ್ಷವಾದರೂ ಬೇಕು ಎಂದರು. ಪಾಲಕರ ನೇಮಕಕ್ಕೆ 1890ರ ಕಾಯ್ದೆಯೊಂದಿದೆ ಎಂದೂ ಹೇಳಿದರು. ಆ ಕಾಯ್ದೆ ಇರುವುದು 18 ವರ್ಷದೊಳಗಿನವರಿಗೆ ಎಂದು ನನಗೆ ಗೊತ್ತಾದದ್ದು ಆಮೇಲೆ. ನೆಂಟರೊಬ್ಬರು ಇನ್ನೂ ಹತ್ತಿರದ ದಾರಿ ಹೇಳಿದರು: "ಇದಕ್ಕೆಲ್ಲ ಯಾಕೆ ಅಲೆಯುತ್ತೀಯಮ್ಮ? ಅವನ ವ್ಯವಹಾರ ನೀನೇ ಮಾಡಬಹುದು ಎಂಬ ಒಂದು ಜನರಲ್ ಪವರ್ ಬರೆಸಿ ಅವನ ಹೆಬ್ಬೆಟ್ಟು ಒತ್ತಿಸು, ಮುಗಿಯಿತು." ನಿಜ ಹೇಳುತ್ತೇನೆ, ನಾನು ಛಾಪಾ ಕಾಗದ ತರಲು ಹೊರಟಿದ್ದೆ. ಅವನಿಗೆ ವ್ಯವಹಾರ ತಿಳಿಯುವುದಿಲ್ಲ ಎಂದು ಒಂದು ಕಡೆ ಹೇಳಿಕೊಂಡು, ಇನ್ನೊಂದು ಕಡೆ ಅವನೇ ತಿಳಿದು ಒಪ್ಪಿದ ಎಂದು ಹೆಬ್ಬೆಟ್ಟು ಒತ್ತಿಸುವುದು ಎಂಥ ಮೋಸ ಎಂದು ಆಗ ಹೊಳೆಯಲಿಲ್ಲ. ಅವನು ಕೈ ಕೊಡು ಎಂದರೆ ಕೊಡುತ್ತಾನೆ. ಯಾರು ಕೇಳಿದರೂ ಕೊಡುತ್ತಾನೆ. ಅದೇ ಭಯ.

ನನ್ನನ್ನು ತಡೆದವರು ನಮ್ಮ ಗ್ರಾಮ ಪಂಚಾಯಿತಿಯ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು. ಊರಲ್ಲಿ ಎಲ್ಲರೂ ಅವರನ್ನು 'ವಿಆರ್‌ಡಬ್ಲ್ಯೂ' ಎಂದೇ ಕರೆಯುತ್ತಾರೆ. ಪೋಲಿಯೊದಿಂದ ಅವರದೂ ಒಂದು ಕಾಲಿಗೆ ಬಲವಿಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ, ಸರ್ಕಾರ ಕೊಡುವ ಸಣ್ಣ ಗೌರವಧನದಲ್ಲಿ ಪಂಚಾಯಿತಿಯ ಹಳ್ಳಿಗಳನ್ನೆಲ್ಲ ಸುತ್ತುತ್ತಾರೆ. "ಅಕ್ಕಾ, ಹೆಬ್ಬೆಟ್ಟು ಒತ್ತಿಸಬೇಡಿ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ನೀವೇ ಸಿಕ್ಕಿಬೀಳುತ್ತೀರಿ. ಇದಕ್ಕೆಂದೇ ಒಂದು ಕಾಯ್ದೆ ಇದೆ, ಕೋರ್ಟಿಗೆ ಹೋಗಬೇಕಾಗಿಲ್ಲ" ಎಂದು ಹೇಳಿ ತಾಲ್ಲೂಕು ಕೇಂದ್ರದಲ್ಲಿರುವ ಸಂಸ್ಥೆಯ ದಾರಿಯನ್ನು ಒಂದು ಚೀಟಿಯಲ್ಲಿ ಗೀಚಿಕೊಟ್ಟರು.

ಹಳೆಯ ಹೆಂಚಿನ ಬಾಡಿಗೆ ಮನೆ. ಪಡಸಾಲೆಯಲ್ಲಿ ಹತ್ತು ಹದಿನೈದು ಜನ ಯುವಕ ಯುವತಿಯರು ಚಾಪೆಯ ಮೇಲೆ ಕುಳಿತು ಹೂಬತ್ತಿ ಮಾಡುತ್ತಿದ್ದರು. ಒಬ್ಬ ಹುಡುಗ ಎದ್ದು ಬಂದು ನನ್ನ ಕೈ ಕುಲುಕಿ, ಮತ್ತೆ ಹೋಗಿ ಕುಳಿತ. ನನಗೆ ಕಣ್ಣು ತುಂಬಿ ಬಂತು. 34 ವರ್ಷ ನಮ್ಮ ಮನೆಯಲ್ಲಿ ಇಂಥವನು ಅವನೊಬ್ಬನೇ ಎಂಬಂತೆ ಬದುಕಿದ್ದೆವು. ಮನೆಯಿಂದ 18 ಕಿಲೋಮೀಟರ್ ದೂರದಲ್ಲಿ ಅವನಂಥ ಇಷ್ಟು ಜನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆ ಮನೆಗೆ ಹೋಗುತ್ತಿದ್ದರು.

ಸಂಸ್ಥೆಯ ಸಂಯೋಜಕಿ ನನ್ನ ಫೈಲನ್ನು ಮುಟ್ಟುವ ಮೊದಲು ಕೇಳಿದ್ದು, "ತಮ್ಮನನ್ನು ಕರೆದುಕೊಂಡು ಬರಲಿಲ್ಲವೇ?" ಎಂದು. ಬ್ಯಾಂಕು, ಖಜಾನೆ, ವಕೀಲರು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಅವರು ಒಂದು ಹಾಳೆ ತೆಗೆದುಕೊಂಡು ನನಗೆ ತಿಳಿಯುವಂತೆ ಬರೆದು ವಿವರಿಸಿದರು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಇರುವವರಿಗಾಗಿ 1999ರಲ್ಲಿ ಸಂಸತ್ತು ನ್ಯಾಷನಲ್ ಟ್ರಸ್ಟ್ ಕಾಯ್ದೆ ಮಾಡಿತು. ಮಗುವಿಗೆ 18 ತುಂಬುವವರೆಗೆ ತಂದೆತಾಯಿಯೇ ಸಹಜ ಪಾಲಕರು. ಅದಾದ ಮೇಲೆ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ. ಬೇಕಿದ್ದರೆ ಹೆತ್ತವರೇ ಆಗಲಿ, ಬಂಧುಗಳೇ ಆಗಲಿ ಜಿಲ್ಲೆಯ 'ಸ್ಥಳೀಯ ಮಟ್ಟದ ಸಮಿತಿ'ಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ನಾನು ಬೆರಳು ಮಡಚಿ ಎಣಿಸಿದೆ. ಹದಿನಾರು ವರ್ಷ ಅಪ್ಪ ತಮ್ಮನ ಮೈ ತಿಕ್ಕಿ ಸ್ನಾನ ಮಾಡಿಸಿದ್ದಾರೆ, ಅಪಸ್ಮಾರದ ಮಾತ್ರೆ ನುಂಗಿಸಿದ್ದಾರೆ, ರಾತ್ರಿ ಅವನ ಪಕ್ಕದಲ್ಲೇ ಮಲಗಿದ್ದಾರೆ. ಅಷ್ಟೂ ವರ್ಷ ಕಾನೂನಿನ ಕಣ್ಣಿಗೆ ಅವರು ಅವನ ಪಾಲಕರಾಗಿರಲಿಲ್ಲ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಸುವವರು ಯಾರೂ ನಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಆ ಸಮಿತಿಯಲ್ಲಿ ಯಾರಿರುತ್ತಾರೆ ಎಂದು ಕೇಳಿದಾಗ ನನಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಜಿಲ್ಲಾಧಿಕಾರಿ ಒಬ್ಬರು. ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತವಾದ ಸಂಸ್ಥೆಯ ಪ್ರತಿನಿಧಿ ಒಬ್ಬರು. ವಿಕಲಚೇತನ ವ್ಯಕ್ತಿ ಒಬ್ಬರು. ಸಂಘ ಸಂಸ್ಥೆಯವರು ಎಂದರೆ ಹಬ್ಬದ ದಿನ ಹಣ್ಣು ಹಂಪಲು ಹಂಚಿ ಫೋಟೊ ತೆಗೆಸಿಕೊಳ್ಳುವವರು ಎಂದು ತಿಳಿದಿದ್ದ ನನಗೆ, ಜಿಲ್ಲಾಧಿಕಾರಿಯ ಜೊತೆ ಸಮನಾಗಿ ಕುಳಿತು ತೀರ್ಮಾನ ಹೇಳುವ ಕುರ್ಚಿಯೊಂದನ್ನು ಕಾನೂನೇ ಅವರಿಗೆ ಕೊಟ್ಟಿದೆ ಎಂಬುದು ಹೊಸ ವಿಷಯ.

ಅದು ಸುಮ್ಮನೆ ಬಂದ ಕುರ್ಚಿಯಲ್ಲ. ವಿಕಲಚೇತನರಿಗಾಗಿ ಬೆಂಗಳೂರಿನಲ್ಲಿ ಎನ್‌.ಎಸ್‌. ಹೇಮಾ ಅವರು ಎಪಿಡಿ ಸಂಸ್ಥೆಯನ್ನು ಆರಂಭಿಸಿದ್ದು 1959ರಲ್ಲಿ. ಹೇಮಾ ಸ್ವತಃ ಗಾಲಿಕುರ್ಚಿಯಲ್ಲಿದ್ದವರು. ಸೆರೆಬ್ರಲ್ ಪಾಲ್ಸಿಯ ಮಗಳಿಗೆ ಶಾಲೆ ಸಿಗದೆ ಮಿಥು ಅಲೂರ್ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದ್ದು 1972ರಲ್ಲಿ. ಬೌದ್ಧಿಕ ವಿಕಲತೆಯ ಮಕ್ಕಳ ತಂದೆತಾಯಿಯರ ಸಂಘಗಳೂ ಊರೂರಲ್ಲಿ ಹುಟ್ಟಿಕೊಂಡು, 1990ರ ದಶಕದಲ್ಲಿ 'ಪರಿವಾರ್' ಎಂಬ ರಾಷ್ಟ್ರಮಟ್ಟದ ಒಕ್ಕೂಟವಾದವು. "ನಾವು ಸತ್ತ ಮೇಲೆ ನಮ್ಮ ಮಗುವಿನ ಗತಿ ಏನು" ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರೆಲ್ಲ ದೆಹಲಿಯವರೆಗೆ ಹೋದರು. ಕಾಯ್ದೆ ಬಂದದ್ದು ಆ ಒತ್ತಾಯದಿಂದ. ಸಂಯೋಜಕಿ ಇದನ್ನು ಹೇಳುವಾಗ ಗೋಡೆಯ ಮೇಲಿನ ಒಂದು ಫೋಟೊ ತೋರಿಸಿದರು: ಸಂಸ್ಥೆಯನ್ನು ಆರಂಭಿಸಿದ ಆರು ಜೋಡಿ ಹೆತ್ತವರು. ಅದರಲ್ಲಿ ನಾಲ್ವರು ಈಗಿಲ್ಲ. ಅವರ ಮಕ್ಕಳು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು.

ಕಾಗದಪತ್ರ ಕೂಡಿಸಲು ಎರಡು ತಿಂಗಳು ಹಿಡಿಯಿತು. ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ತೀರಾ ಹಳೆಯದಾಗಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ಮತ್ತೆ ಪರೀಕ್ಷೆ ಮಾಡಿ ವಿಕಲತೆ ಶೇ 75 ಎಂದು ಬರೆದರು. ಅಪ್ಪ ಅಮ್ಮನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ತೋಟದ ಪಹಣಿ, ತಮ್ಮನ ವಯಸ್ಸಿನ ದಾಖಲೆ, ಆಧಾರ್, ಇಬ್ಬರು ಸಾಕ್ಷಿಗಳು. ಪ್ರತಿ ಕಾಗದಕ್ಕೂ ಎರಡು ಸಲವಾದರೂ ಬಸ್ ಹತ್ತಿದ್ದೇನೆ. ಯಾವ ಮೇಜಿಗೆ ಮೊದಲು ಹೋಗಬೇಕು, ಯಾವ ಕಾಗದ ಯಾವುದರ ಹಿಂದೆ ಪಿನ್ ಆಗಬೇಕು ಎಂದು ಸಂಸ್ಥೆಯವರು ಬರೆದುಕೊಟ್ಟಿದ್ದರಿಂದ ಎರಡಕ್ಕೇ ಮುಗಿಯಿತು. ಅವರು ನನ್ನ ಪರವಾಗಿ ಓಡಾಡಲಿಲ್ಲ. "ಮುಂದೆ ಜೀವಮಾನವಿಡೀ ಇದನ್ನು ನೋಡಿಕೊಳ್ಳುವವರು ನೀವು. ಮೇಜುಗಳ ಪರಿಚಯ ನಿಮಗೇ ಆಗಲಿ" ಎಂದರು. ಆ ದಿನಗಳಲ್ಲಿ ಈ ಮಾತು ಕಟುವಾಗಿ ಕೇಳಿತ್ತು. ಈಗ ಕೃತಜ್ಞತೆಯಿಂದ ನೆನೆಯುತ್ತೇನೆ.

ಕಷ್ಟವಾದದ್ದು ಅಣ್ಣನ ಒಪ್ಪಿಗೆ ಪತ್ರ. ಒಡಹುಟ್ಟಿದವರ ಆಕ್ಷೇಪವಿಲ್ಲ ಎಂಬ ಪ್ರಮಾಣಪತ್ರ ಅರ್ಜಿಯ ಜೊತೆಗಿರಬೇಕಿತ್ತು. ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಣ್ಣ ಕೇಳಿದ: "ಹಾಗಾದರೆ ತೋಟದಲ್ಲಿ ಅವನ ಪಾಲು ನಿನ್ನ ಹೆಸರಿಗೆ ಬರುತ್ತದೆಯೇ?" ನನಗೆ ತಡೆಯಲಾಗದಷ್ಟು ಸಿಟ್ಟು ಬಂತು, ಫೋನ್ ಇಟ್ಟುಬಿಟ್ಟೆ. ಹತ್ತು ದಿನ ನಾವಿಬ್ಬರೂ ಮಾತಾಡಲಿಲ್ಲ. ಈ ಗಂಟನ್ನು ಬಿಡಿಸಿದವರು ಸಂಯೋಜಕಿ. ಅಣ್ಣ ಊರಿಗೆ ಬಂದ ಭಾನುವಾರ ತಮ್ಮ ರಜೆಯ ದಿನವನ್ನು ಬಿಟ್ಟು ಬಂದು, ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು: ಪಾಲಕಿ ಎಂದರೆ ಒಡತಿಯಲ್ಲ. ಆಸ್ತಿ ಅವನದೇ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾ ಖರ್ಚಿನ ಲೆಕ್ಕ ಸಲ್ಲಿಸಬೇಕು. ಪಾಲಕರು ಅವನನ್ನು ಕಡೆಗಣಿಸಿದರೆ, ಹಿಂಸಿಸಿದರೆ, ಅವನ ಹಣ ತಿಂದರೆ ಬಂಧುಗಳು ಅಥವಾ ನೋಂದಾಯಿತ ಸಂಸ್ಥೆ ದೂರು ಕೊಡಬಹುದು. ವಿಚಾರಣೆ ಮಾಡಿ ಪಾಲಕರನ್ನು ತೆಗೆದುಹಾಕಬಹುದು. ನನ್ನ ಕಡೆ ತಿರುಗಿ, "ನಿಮ್ಮ ಮೇಲೆ ನಾವೇ ದೂರು ಕೊಡಬಹುದು, ಅದನ್ನೂ ತಿಳಿದಿರಿ" ಎಂದರು.

ಅಣ್ಣ ಅಂದೇ ಸಂಜೆ ಸಹಿ ಹಾಕಿದ. ಅವನು ಕೇಳಿದ ಪ್ರಶ್ನೆ ತಪ್ಪಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ತಮ್ಮನ ಪರವಾಗಿ ಅದನ್ನು ಯಾರಾದರೂ ಕೇಳಲೇಬೇಕಿತ್ತು.

ಅರ್ಜಿ ಸಲ್ಲಿಸಿದ್ದು ಅಕ್ಟೋಬರ್‌ನಲ್ಲಿ. ಅದರ ಮರುವಾರ ಸಂಸ್ಥೆಯಿಂದ ಮನೆ ಭೇಟಿಗೆ ಬಂದರು. ಈ ಭೇಟಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು.

ನಾನು ಬೆಳಿಗ್ಗೆಯೇ ಎದ್ದು ಮನೆ ಒರೆಸಿ, ತಮ್ಮನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಉಪ್ಪಿಟ್ಟು ಮಾಡಿ ಕಾಯುತ್ತಿದ್ದೆ. ಸಂಯೋಜಕಿಯ ಜೊತೆ ವಿಶೇಷ ಶಿಕ್ಷಕಿಯೊಬ್ಬರು ಬಂದಿದ್ದರು. ಕಾಫಿ ಕುಡಿದ ಮೇಲೆ ಶಿಕ್ಷಕಿ ನನಗೆ, "ನೀವು ಸ್ವಲ್ಪ ಹೊತ್ತು ಒಳಗಿರಿ, ನಾವು ಅವರ ಜೊತೆ ಮಾತಾಡುತ್ತೇವೆ" ಎಂದರು. ಅವನನ್ನು 'ಅವರು' ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಅಂದೇ. ಆದರೆ ಒಳಗೆ ಹೋದ ಮೇಲೆ ಅವಮಾನದಿಂದ ಕಿವಿ ಬಿಸಿಯಾಯಿತು. ನಾನು ಅವನನ್ನು ಹೊಡೆಯುತ್ತೇನೆಂದೇ ಇವರ ಅನುಮಾನ? ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಶಿಕ್ಷಕಿ ಚೀಲದಿಂದ ಚಿತ್ರಗಳಿದ್ದ ಕಾರ್ಡುಗಳನ್ನು ತೆಗೆದು ನೆಲದ ಮೇಲೆ ಹರಡಿದರು. ಊಟದ ತಟ್ಟೆ, ಹಾಸಿಗೆ, ಬಸ್, ರೇಡಿಯೊ, ಅಳುವ ಮುಖ, ನಗುವ ಮುಖ. "ಇಲ್ಲಿ ನಿಮಗೆ ಯಾವುದು ಇಷ್ಟ?" ಎಂದು ಕೇಳಿದರು. ತಮ್ಮ ರೇಡಿಯೊ ಮುಟ್ಟಿದ. "ಯಾವುದು ಇಷ್ಟವಿಲ್ಲ?" ಅವನು ಬಹಳ ಹೊತ್ತು ನೋಡಿ ಹಾಸಿಗೆಯ ಚಿತ್ರವನ್ನು ಎತ್ತಿ ಅಳುವ ಮುಖದ ಮೇಲಿಟ್ಟ. ಹಿಂದೆಯೇ, "ಅಪ್ಪ ಇಲ್ಲ" ಎಂದ.

ನನಗೆ ಆಗ ಅರ್ಥವಾಯಿತು. ನಾಲ್ಕು ತಿಂಗಳಿಂದ ಅವನನ್ನು ಹಿಂದಿನ ಕೋಣೆಯಲ್ಲಿ ಒಬ್ಬನನ್ನೇ ಮಲಗಿಸುತ್ತಿದ್ದೆ. ಹೊಸ ಮಂಚ, ಹೊಸ ಹಾಸಿಗೆ, ಫ್ಯಾನ್, ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿಸಿದ್ದೆವು. ಅವನು ಜನ್ಮದಲ್ಲೇ ಒಬ್ಬನೇ ಮಲಗಿದವನಲ್ಲ. ರಾತ್ರಿ ಎದ್ದು ಓಡಾಡುತ್ತಾನೆ ಎಂದು ನಾನು ಬೈಯುತ್ತಿದ್ದೆ. ಅವನು ಅಪ್ಪನನ್ನು ಹುಡುಕುತ್ತಿದ್ದ. ಅಂದಿನಿಂದ ನನ್ನ ಮಗ ತನ್ನ ಹಾಸಿಗೆಯನ್ನು ಮಾವನ ಕೋಣೆಗೆ ಹಾಕಿಕೊಂಡ. ಓಡಾಟ ನಿಂತಿತು. ಅವನ ಅಕ್ಕನಾದ ನನಗೆ ನಾಲ್ಕು ತಿಂಗಳಲ್ಲಿ ಕಾಣದ್ದು, ಅವನನ್ನು ನೇರವಾಗಿ ಕೇಳಿದ ಹೊರಗಿನವರಿಗೆ ಅರ್ಧ ಗಂಟೆಯಲ್ಲಿ ಕಂಡಿತು. ಅವರು ವರದಿಯಲ್ಲಿ ಅದನ್ನೂ ಬರೆದರು, ನಾನು ಸರಿಪಡಿಸಿದ್ದನ್ನೂ ಬರೆದರು.

ಆಮೇಲೆ ಕಾಯುವ ಕಾಲ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ನವೆಂಬರ್‌ನ ದಿನಾಂಕ ಮುಂದೆ ಹೋಯಿತು, ಡಿಸೆಂಬರ್‌ನದೂ ಹೋಯಿತು. ಕಚೇರಿಗೆ ಹೋದರೆ "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ" ಎಂಬ ಉತ್ತರ. ಅಷ್ಟರಲ್ಲಿ ಪಿಂಚಣಿ ನಿಂತು ಆರು ತಿಂಗಳಾಗಿತ್ತು. ತಮ್ಮನ ಮಾತ್ರೆಗೆ ನನ್ನ ಹೊಲಿಗೆಯ ದುಡ್ಡು ಹೋಗುತ್ತಿತ್ತು. ನಾನೊಬ್ಬಳೇ ಆಗಿದ್ದರೆ ಸುಮ್ಮನಾಗುತ್ತಿದ್ದೆ. ಸಂಸ್ಥೆಯವರು ಜಿಲ್ಲೆಯಲ್ಲಿ ನನ್ನಂತೆ ಕಾಯುತ್ತಿದ್ದ ಇನ್ನೂ ಹನ್ನೊಂದು ಮನೆಗಳ ಹೆಸರು ಸೇರಿಸಿ ಒಂದೇ ಮನವಿ ಬರೆದರು. ಕಾಯ್ದೆಯ ಕಲಂ ಉಲ್ಲೇಖಿಸಿ, ಯಾರ ಮೇಲೂ ಹರಿಹಾಯದೆ, ಎರಡೇ ಪುಟ. ಹನ್ನೆರಡು ಮನೆಯವರೂ ಒಟ್ಟಿಗೆ ಹೋಗಿ ಕೊಟ್ಟೆವು. ಫೆಬ್ರವರಿಗೆ ದಿನಾಂಕ ನಿಗದಿಯಾಯಿತು.

ಅದೇ ಅವಧಿಯಲ್ಲಿ ಅವರು ತಮ್ಮನನ್ನು ನಿರಾಮಯ ಆರೋಗ್ಯ ವಿಮೆಗೂ ಸೇರಿಸಿದರು. ನ್ಯಾಷನಲ್ ಟ್ರಸ್ಟ್ ನಡೆಸುವ ಈ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಸೇರುವ ಮುನ್ನ ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ಅಪಸ್ಮಾರ ಇರುವವನಿಗೆ ಬೇರೆ ಯಾವ ವಿಮೆ ಸುಲಭವಾಗಿ ಸಿಗುತ್ತದೆ? ಅಪ್ಪ ಇದ್ದಾಗಲೂ ಇದು ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ. ಈ 'ಗೊತ್ತಿರಲಿಲ್ಲ' ಎಂಬ ಮಾತನ್ನು ಆ ವರ್ಷ ನಾನು ಎಷ್ಟು ಸಲ ಆಡಿದ್ದೇನೋ.

ಸಮಿತಿಯ ದಿನ ತಮ್ಮ ಅಪ್ಪನ ಕೋಟು ಹಾಕಿಕೊಳ್ಳಲು ಹಟ ಮಾಡಿದ. ದೊಗಲೆಯಾಗಿದ್ದ ತೋಳನ್ನು ರಾತ್ರಿಯೇ ಮಡಚಿ ಹೊಲಿದುಕೊಟ್ಟೆ. ದೊಡ್ಡ ಸಭಾಂಗಣ, ಉದ್ದನೆಯ ಮೇಜು. ಮೇಜಿನ ಆಚೆ ಜಿಲ್ಲಾಧಿಕಾರಿ, ಅವರ ಬಲಕ್ಕೆ ಜಿಲ್ಲೆಯ ಮತ್ತೊಂದು ಸಂಸ್ಥೆಯ ಪ್ರತಿನಿಧಿ, ಎಡಕ್ಕೆ ಊರುಗೋಲುಗಳನ್ನು ಕುರ್ಚಿಗೆ ಒರಗಿಸಿಟ್ಟು ಕುಳಿತ ಹಿರಿಯರು. ನಮ್ಮ ಸಂಸ್ಥೆಯವರು ನಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅರ್ಜಿ ಹಾಕಲು ನೆರವಾದವರೇ ತೀರ್ಪಿನ ಕುರ್ಚಿಯಲ್ಲೂ ಕೂರಲಿಲ್ಲ ಎಂಬುದು ನನಗೆ ಸರಿಯಾಗಿ ಕಂಡಿತು.

ಜಿಲ್ಲಾಧಿಕಾರಿ ಕಾಗದಗಳನ್ನು ನೋಡಿ ನನಗೆ ಎರಡು ಪ್ರಶ್ನೆ ಕೇಳಿದರು: ನಿಮ್ಮ ಆದಾಯವೆಷ್ಟು, ಪಾಲಕತ್ವ ಯಾವುದಕ್ಕೆ ಬೇಕು. "ಕುಟುಂಬ ಪಿಂಚಣಿ, ಬ್ಯಾಂಕ್ ಠೇವಣಿ, ಆಸ್ಪತ್ರೆಯಲ್ಲಿ ಒಪ್ಪಿಗೆ" ಎಂದೆ. ಇಂಥಿಂಥದ್ದಕ್ಕೆ ಎಂದು ಸ್ಪಷ್ಟವಾಗಿ ಹೇಳಬೇಕೆಂದು ಮೊದಲೇ ನನಗೆ ತಿಳಿಸಿದ್ದರು. ಒಬ್ಬ ಮನುಷ್ಯನ ಬದುಕಿನ ಮೇಲೆ ಇನ್ನೊಬ್ಬರಿಗೆ ಬೇಕಾಬಿಟ್ಟಿ ಅಧಿಕಾರ ಕೊಡಬಾರದು ಎಂಬುದು ಅದರ ಹಿಂದಿನ ವಿಚಾರ.

ಊರುಗೋಲಿನ ಹಿರಿಯರು ಮಾತ್ರ ನನ್ನನ್ನು ನೋಡಲೇ ಇಲ್ಲ. ತಮ್ಮನ ಕಡೆ ಬಾಗಿ, "ಸ್ವಾಮಿ, ನಿಮ್ಮ ಅಕ್ಕ ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ?" ಎಂದು ಕೇಳಿದರು. ಸಭಾಂಗಣ ನಿಶ್ಶಬ್ದವಾಯಿತು. ತಮ್ಮ ಕೋಟಿನ ಗುಂಡಿ ತಿರುವುತ್ತ ಕುಳಿತ. ಆಮೇಲೆ ಹೇಳಿದ: "ಅಕ್ಕ ಬೈಯುತ್ತಾಳೆ. ದೋಸೆ ಕೊಡುತ್ತಾಳೆ. ಸಣ್ಣವನು ಪಕ್ಕದಲ್ಲಿ ಮಲಗುತ್ತಾನೆ." ಹಿರಿಯರು ತಲೆಯಾಡಿಸಿ ಕಾಗದದ ಮೇಲೆ ಏನೋ ಬರೆದುಕೊಂಡರು. ಜಿಲ್ಲಾಧಿಕಾರಿಯವರೂ ಪೆನ್ನು ತೆಗೆದರು. ಎಲ್ಲ ಸೇರಿ ಆರೇಳು ನಿಮಿಷ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಮತ್ತೆ ಬ್ಯಾಂಕಿಗೆ ಹೋದೆ. "ಇದು ಕೋರ್ಟಿನದಲ್ಲವಲ್ಲ" ಎಂದರು. ಈ ಸಲ ನನ್ನ ಬಳಿ ಉತ್ತರ ಇತ್ತು. ಸ್ಥಳೀಯ ಮಟ್ಟದ ಸಮಿತಿ ಕೊಡುವ ಪಾಲಕತ್ವ ಪ್ರಮಾಣಪತ್ರದ ಆಧಾರದ ಮೇಲೆ ಬ್ಯಾಂಕುಗಳು ಖಾತೆ ತೆರೆದು ವ್ಯವಹಾರಕ್ಕೆ ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಹೊರಡಿಸಿದೆ. ಅದರ ಪ್ರತಿಯನ್ನು ಸಂಸ್ಥೆಯವರು ನನ್ನ ಫೈಲಿನ ಕೊನೆಯಲ್ಲಿ ಇಟ್ಟಿದ್ದರು. ಮೇಜಿನ ಮೇಲಿಟ್ಟೆ. ವ್ಯವಸ್ಥಾಪಕರು ಎರಡು ಸಲ ಓದಿ, ಚಹಾ ತರಿಸಿದರು. ಮೇ ತಿಂಗಳಲ್ಲಿ ಪಿಂಚಣಿಯ ಬಾಕಿಯೂ ಸೇರಿ ತಮ್ಮನ ಖಾತೆಗೆ ಹಣ ಬಂತು.

ನನಗೆ ಒಂದು ವಿಚಾರದಲ್ಲಿ ಮನಸ್ಸು ಇನ್ನೂ ಕುದಿಯುತ್ತದೆ. ಕಾಯ್ದೆ ಸರ್ಕಾರದ್ದು, ಸಮಿತಿ ಸರ್ಕಾರದ್ದು, ಪಿಂಚಣಿ ಸರ್ಕಾರದ್ದು. ಅಪ್ಪನ ಸೇವಾ ಪುಸ್ತಕದಲ್ಲಿ ಮಗನ ವಿಷಯ ಬರೆದಿದೆ. ಹಾಗಿದ್ದೂ ಮಗನಿಗೆ 18 ತುಂಬಿದಾಗ ಒಂದು ಪತ್ರ ಬರೆದು ತಿಳಿಸುವವರಿಲ್ಲ. ಅದನ್ನು ತಿಳಿಸುವುದು ಬಾಡಿಗೆ ಮನೆಯಲ್ಲಿರುವ ಸಂಸ್ಥೆಯೊಂದರ ಪಾಲಿಗೆ ಬಿದ್ದಿದೆ. ಅಲ್ಲಿನ ವಿಶೇಷ ಶಿಕ್ಷಕಿ ತರಬೇತಿ ಪಡೆದವರು. ಅವರಿಗೆ ಸಿಗುವ ಸಂಬಳ ನಮ್ಮೂರಿನಲ್ಲಿ ಅಡಿಕೆ ಸುಲಿಯಲು ಬರುವವರ ದಿನಗೂಲಿಗಿಂತ ಕಡಿಮೆ ಬೀಳುತ್ತದೆ. ಅನುದಾನ ತಿಂಗಳುಗಟ್ಟಲೆ ತಡವಾದರೆ ಅದೂ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆದರೆ ನಮ್ಮಂಥ ತಾಲ್ಲೂಕಿನಲ್ಲಿ ಅಂಥ ಕಂಪನಿ ಎಲ್ಲಿದೆ? ಬಂದವರೂ ಕಟ್ಟಡ, ಕಂಪ್ಯೂಟರ್ ಕೊಡುತ್ತಾರೆ. ಒಂದು ಮನೆಯ ಅಣ್ಣ ತಂಗಿಯನ್ನು ಭಾನುವಾರ ಎದುರು ಕೂರಿಸಿ ಮಾತಾಡಿಸುವ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಆ ಭಾನುವಾರ ಇಲ್ಲದಿದ್ದರೆ ನಾನು ಮತ್ತು ಅಣ್ಣ ಇಂದಿಗೂ ಮಾತು ಬಿಟ್ಟಿರುತ್ತಿದ್ದೆವು.

ಸರ್ಕಾರ ಮಾಡಬೇಕಾದದ್ದನ್ನು ಸಂಸ್ಥೆಗಳೇ ಮಾಡಲಿ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪಿಂಚಣಿ ಕೊಡಬೇಕಾದದ್ದು ಸರ್ಕಾರವೇ. ಅದು ಹಕ್ಕು. ಆದರೆ ಅಡುಗೆಮನೆಯವರೆಗೆ ಬಂದು, ಚಿತ್ರದ ಕಾರ್ಡು ಹರಡಿ, ಹಾಸಿಗೆಯ ಚಿತ್ರ ಯಾಕೆ ಅಳುವ ಮುಖದ ಮೇಲೆ ಬಂತು ಎಂದು ಕಾದು ಕೇಳುವ ಕೆಲಸವನ್ನು ಯಾವ ಕಚೇರಿಯಿಂದ ನಿರೀಕ್ಷಿಸಲಿ? ಹೆತ್ತವರೇ ಕಟ್ಟಿದ ಸಂಸ್ಥೆಗೆ ಅದು ತಿಳಿದಿತ್ತು, ಯಾಕೆಂದರೆ ಅವರ ಮನೆಗಳಲ್ಲೂ ಅಂಥದೇ ರಾತ್ರಿಗಳು ಕಳೆದಿದ್ದವು.

2019ರ ಜೂನ್‌ನಿಂದ ತಮ್ಮನೂ ಸಂಸ್ಥೆಯ ಆ ಕೇಂದ್ರಕ್ಕೆ ಹೋಗತೊಡಗಿದ. ರಿಯಾಯಿತಿ ಬಸ್ ಪಾಸ್ ಮಾಡಿಸಿದೆವು. ಮೊದಲ ತಿಂಗಳು ನಾನೂ ಜೊತೆಗೆ ಹೋಗಿ ಬರುತ್ತಿದ್ದೆ. ಅಪ್ಪ ಅವನನ್ನು ಎಲ್ಲಿಗೂ ಕಳಿಸಿದವರಲ್ಲ. ಜನ ನಗುತ್ತಾರೆ ಎಂಬ ಭಯ ಅವರಿಗೆ. ಕೇಂದ್ರದಲ್ಲಿ ಅವನಿಗೆ ಔಷಧಿ ಅಂಗಡಿಗಳಿಗೆ ಕೊಡುವ ಕಾಗದದ ಕವರ್ ಮಾಡುವ ಕೆಲಸ ಕೊಟ್ಟರು. ಅಳತೆಗೆ ಮಡಚುವುದು ಅವನಿಗೆ ಬರುತ್ತಿರಲಿಲ್ಲ. ಶಿಕ್ಷಕಿ ಬಡಗಿಯ ಬಳಿ ಒಂದು ಹಲಗೆ ಮಾಡಿಸಿದರು: ಮೂರು ಕಡೆ ಅಂಚುಪಟ್ಟಿ, ನಡುವೆ ಒಂದು ಗೀರು. ಕಾಗದವನ್ನು ಅಂಚಿಗೆ ತಾಗಿಸಿಟ್ಟು, ಗೀರಿನ ಉದ್ದಕ್ಕೂ ಬೆರಳ ಗೆಣ್ಣು ಎಳೆದರೆ ಮಡಿಕೆ ತಾನಾಗಿ ನೇರವಾಗುತ್ತದೆ. ಎಣಿಸಲು ಬಾರದವನಿಗೆ ಹತ್ತು ಕುಳಿಗಳ ಇನ್ನೊಂದು ಹಲಗೆ. ಒಂದು ಕವರ್ ಆದರೆ ಒಂದು ಕುಳಿಗೆ ಒಂದು ಹುಣಸೆ ಬೀಜ. ಕುಳಿಗಳೆಲ್ಲ ತುಂಬಿದರೆ ಒಂದು ಕಟ್ಟು. ಬಟ್ಟೆಗೆ ಅಳತೆ ಹಾಕುವ ನನಗೆ ಆ ಹಲಗೆಯ ಜಾಣತನ ನೋಡಿ ಕೈಮುಗಿಯಬೇಕೆನಿಸಿತು. ಅವನಿಗೆ ಲೆಕ್ಕ ಬರುವುದಿಲ್ಲ ಎಂದು 34 ವರ್ಷ ನಾವೆಲ್ಲ ಹೇಳಿದ್ದೆವು. ಅವನು ದಿನಕ್ಕೆ ಐದು ಕಟ್ಟು ಮಾಡತೊಡಗಿದ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕೇಂದ್ರ ಮುಚ್ಚಿತು. ತಮ್ಮ ಎರಡು ವಾರ ಬೆಳಿಗ್ಗೆ ಬುತ್ತಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಏಪ್ರಿಲ್‌ನಲ್ಲಿ ಒಂದು ದಿನ ನಮ್ಮ ವಿಆರ್‌ಡಬ್ಲ್ಯೂ ತಮ್ಮ ಸ್ಕೂಟರಿನಲ್ಲಿ ಒಂದು ಕಟ್ಟು ಹಳೆಯ ಪತ್ರಿಕೆ ಮತ್ತು ಅವನ ಎರಡೂ ಹಲಗೆಗಳನ್ನು ತಂದು ಗೇಟಿನ ಬಳಿ ಇಟ್ಟು ಹೋದರು. ಶಿಕ್ಷಕಿ ಕಳಿಸಿದ್ದರು.

ಜೂನ್‌ನಲ್ಲಿ ಬಸ್ ಶುರುವಾದ ಮೇಲೆ ಅವನ ಮೊದಲ ಪೂರ್ತಿ ವರ್ಷದ ಲೆಕ್ಕ ಸಲ್ಲಿಸಲು ಹೋದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಪಿಂಚಣಿ, ಠೇವಣಿಯ ಬಡ್ಡಿ, ತೋಟದ ಅವನ ಪಾಲಿನ ಅಡಿಕೆ ಹಣ. ಮಾತ್ರೆ, ಬಟ್ಟೆ, ರೇಡಿಯೊ ಸೆಲ್ಲು. ಮುಖಗವಸು ಹಾಕಿಕೊಂಡ ಸಂಯೋಜಕಿ ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡಿ, "ಒಂದು ಬಿಟ್ಟಿದ್ದೀರಿ" ಎಂದರು.

ನನ್ನ ಎದೆ ಧಸಕ್ಕೆಂದಿತು. ಎಲ್ಲ ರಸೀದಿಗಳನ್ನೂ ಅಂಟಿಸಿದ್ದೆ.

ಅವರು ಕೇಂದ್ರದ ವಹಿಯನ್ನು ತೆರೆದು ನನ್ನ ಕಡೆ ತಿರುಗಿಸಿದರು. ಜುಲೈಯಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಸಾಲು, ಪ್ರತಿ ಸಾಲಿನ ಮುಂದೆ ತಮ್ಮನ ಹೆಬ್ಬೆಟ್ಟಿನ ನೀಲಿ ಗುರುತು. ಕವರ್ ಕೆಲಸಕ್ಕೆ ಕೊಟ್ಟ ಗೌರವಧನ, ಒಂಬತ್ತು ತಿಂಗಳದು ಸೇರಿ 1,620 ರೂಪಾಯಿ. ಆ ಹಣವನ್ನು ಅವನು ಪ್ರತಿ ತಿಂಗಳೂ ತಂದು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಡುತ್ತಿದ್ದ. ನಾನು ಅದನ್ನು ಲೆಕ್ಕ ಎಂದುಕೊಂಡಿರಲಿಲ್ಲ.

ಅಲ್ಲೇ ಕುಳಿತು, ಜಮಾ ಕಡೆಯ ಕೊನೆಯ ಸಾಲಿನ ಕೆಳಗೆ ಬರೆದೆ: ಸ್ವಂತ ದುಡಿಮೆ, 1,620.